ಕಲಬುರಗಿ ಬಿಸಿಲಿಗೆ, ಫರಸಿಗೆ, ಧೂಳಿಗೆ ತಾಳುವ ಫೋನ್: ಮೂರ್ನಾಲ್ಕರಲ್ಲಿ ಒಂದನ್ನು ಆರಿಸುವ ಬಗೆ

ಕಲಬುರಗಿ ಸೂಪರ್ ಮಾರ್ಕೆಟ್‌ನ ಯಾವುದಾದರೂ ಮೊಬೈಲ್ ಅಂಗಡಿಗೆ ಹೋಗಿ, ಹದಿನೈದರಿಂದ ಇಪ್ಪತ್ತು ಸಾವಿರದೊಳಗೆ ಒಂದು ಫೋನ್ ತೋರಿಸಿ ಎಂದರೆ ಏಳೆಂಟು ಡಬ್ಬಿ ಕೌಂಟರ್ ಮೇಲೆ ಬಂದು ಕೂರುತ್ತವೆ. ಎಲ್ಲದರ ಮೇಲೂ ಹೆಚ್ಚುಕಡಿಮೆ ಒಂದೇ ಬರಹ: 50 ಮೆಗಾಪಿಕ್ಸೆಲ್, 5ಜಿ, 120 ಹರ್ಟ್ಜ್, ದೊಡ್ಡ ಬ್ಯಾಟರಿ. "ಎಲ್ಲಾ ಒಂದೇ ಅದಾವ್ರಿ, ಬಣ್ಣ ನೋಡಿ ತಗೋರಿ" ಎಂದು ಅಂಗಡಿಯವರು ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ಡಬ್ಬಿಯ ಮೇಲೆ ಅಚ್ಚಾದ ಸಂಗತಿಗಳಲ್ಲಿ ವ್ಯತ್ಯಾಸ ಕಡಿಮೆಯೇ. ನಾಲ್ಕು ವರ್ಷ ಬಾಳುವ ಫೋನನ್ನೂ ಒಂದೂವರೆ ವರ್ಷಕ್ಕೆ ತಲೆನೋವಾಗುವ ಫೋನನ್ನೂ ಬೇರೆ ಮಾಡುವುದು ಅಚ್ಚಾಗದ ಸಂಗತಿಗಳು: ಮಟಮಟ ಮಧ್ಯಾಹ್ನ ಪರದೆ ಕಾಣುತ್ತದೆಯೇ, ಹೊಲದಲ್ಲಿ ಸಿಗ್ನಲ್ ಹಿಡಿಯುತ್ತದೆಯೇ, ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಒಡೆದರೆ ಎಲ್ಲಿಗೆ ಒಯ್ಯಬೇಕು.

ಆದ್ದರಿಂದ ಅಂಕ ಕೊಟ್ಟು ಆರಿಸುವ ಬದಲು ಹೊಡೆದುಹಾಕುತ್ತ ಹೋಗುವುದು ಲೇಸು. ಒಂದು ಹಾಳೆಯಲ್ಲಿ ನಿಮ್ಮ ಬಜೆಟ್ಟಿನ ನಾಲ್ಕು ಮಾಡೆಲ್‌ಗಳ ಹೆಸರು ಬರೆಯಿರಿ. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಆಗದ್ದನ್ನು ಗೀಟು ಹಾಕಿ ತೆಗೆಯಿರಿ. ಕೊನೆಗೆ ಎರಡು ಉಳಿದರೆ ಅಲ್ಲಿ ಕ್ಯಾಮೆರಾ, ಬಣ್ಣ, ಬೆಲೆಯ ಮಾತು. ಮೊದಲೇ ಕ್ಯಾಮೆರಾದಿಂದ ಶುರು ಮಾಡಿದರೆ ಎಲ್ಲವೂ ಚಂದ ಕಾಣುತ್ತವೆ.

ಹೆಸರು ಬರೆಯುವಾಗಲೇ ಒಂದು ಎಚ್ಚರ. ಒಂದೇ ಹೆಸರಿನ 4ಜಿ ಮತ್ತು 5ಜಿ ಆವೃತ್ತಿಗಳಲ್ಲಿ ಬೇರೆ ಚಿಪ್, ಬೇರೆ ಪರದೆ, ಬೇರೆ ಕ್ಯಾಮೆರಾ ಇರುವುದುಂಟು. ಹೆಸರಿನ ಬಾಲದಲ್ಲಿ ಪ್ರೊ, ಪ್ಲಸ್, ಎಸ್, ಎಕ್ಸ್, ಲೈಟ್ ಎಂದು ಸೇರಿದರೆ ಅದು ಬೇರೆಯೇ ಫೋನ್ ಎಂದು ತಿಳಿಯಿರಿ. ಪೂರ್ತಿ ಹೆಸರು, ರ‍್ಯಾಮ್ ಮತ್ತು ಸ್ಟೋರೇಜ್ ಎಷ್ಟು ಎಂಬುದನ್ನು ಸೇರಿಸಿಯೇ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ "ಅದೇ ಇದು" ಎಂದು ತಮ್ಮನ ಡಬ್ಬಿ ಕೊಟ್ಟು ಅಣ್ಣನ ಬೆಲೆ ಹೇಳುವುದು ಇಲ್ಲೇ ಆಗುವುದು.

ಮೊದಲ ಗೀಟು: ಸಿಗ್ನಲ್

ಫೋನಿಗೆ ಮುಂಚೆ ಸಿಮ್. ನಿಮ್ಮ ಮನೆಯೊಳಗೆ, ಹೊಲದಲ್ಲಿ, ದಿನಾ ಓಡಾಡುವ ದಾರಿಯಲ್ಲಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆ ಎಂಬುದನ್ನು ಮನೆಯವರ, ನೆರೆಯವರ ಫೋನ್ ನೋಡಿ ಖಾತ್ರಿ ಮಾಡಿಕೊಳ್ಳಿ. ಟೆಲಿಕಾಂ ಕಂಪನಿಗಳ ಜಾಲತಾಣದಲ್ಲಿ ಈಗ ಕವರೇಜ್ ನಕ್ಷೆ ಇದೆ. ಆದರೆ ನಕ್ಷೆ ಬಯಲಿನ ಮಾತು ಹೇಳುತ್ತದೆ, ದಪ್ಪ ಕಲ್ಲಿನ ಗೋಡೆಯ ಮಾಳಿಗೆ ಮನೆಯ ಒಳಕೋಣೆಯ ಮಾತಲ್ಲ.

ಆಮೇಲೆ ಫೋನ್ ಕಂಪನಿಯ ಜಾಲತಾಣದಲ್ಲಿ ಆ ಮಾಡೆಲ್ಲಿನ ಪುಟ ತೆರೆದು ನೆಟ್‌ವರ್ಕ್ ಬ್ಯಾಂಡ್‌ಗಳ, ಅಂದರೆ ಫೋನ್ ಹಿಡಿಯಬಲ್ಲ ಆವರ್ತನಗಳ, ಪಟ್ಟಿ ನೋಡಿ. ಭಾರತದಲ್ಲಿ 5ಜಿ 2022ರ ಅಕ್ಟೋಬರ್ 1ರಂದು ಶುರುವಾಯಿತು. ಮುಖ್ಯವಾಗಿ ಬೇಕಾದ ಬ್ಯಾಂಡ್ ಎನ್78. ಜಿಯೊ ಇದರ ಜೊತೆ 700 ಮೆಗಾಹರ್ಟ್ಜ್‌ನ ಎನ್28 ಬಳಸುತ್ತದೆ. ಕಡಿಮೆ ಆವರ್ತನದ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ತೂರುತ್ತದೆ. ಹಳ್ಳಿಯ ಜಿಯೊ ಗ್ರಾಹಕರಿಗೆ ಎನ್28 ಇಲ್ಲದ 5ಜಿ ಫೋನ್ ಅರ್ಧ 5ಜಿ ಫೋನ್. ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಂಡವರು 4ಜಿ ಪಟ್ಟಿಯಲ್ಲಿ ಬ್ಯಾಂಡ್ 28 ಮತ್ತು ಬ್ಯಾಂಡ್ 1 ಇದೆಯೇ ನೋಡಬೇಕು. ಅಗ್ಗದ ಕೆಲವು ಫೋನುಗಳಲ್ಲಿ 28 ಇರುವುದಿಲ್ಲ.

ಇನ್ನೊಂದು ಬಲೆ ಇದೆ. 5ಜಿಯಲ್ಲಿ ಎಸ್‌ಎ ಮತ್ತು ಎನ್‌ಎಸ್‌ಎ ಎಂದು ಎರಡು ಪದ್ಧತಿ. ಎಸ್‌ಎ ತನ್ನ ಕಾಲ ಮೇಲೆ ನಿಂತ 5ಜಿ, ಎನ್‌ಎಸ್‌ಎ 4ಜಿಯ ಹೆಗಲೇರಿ ನಡೆಯುವುದು. ಜಿಯೊ ಶುರು ಮಾಡಿದ್ದು ಎಸ್‌ಎಯಲ್ಲಿ, ಏರ್‌ಟೆಲ್ ಎನ್‌ಎಸ್‌ಎಯಲ್ಲಿ. ಸ್ನ್ಯಾಪ್‌ಡ್ರ್ಯಾಗನ್ 4ಎಸ್ ಜೆನ್ 2 ಚಿಪ್ಪಿನ ರೆಡ್‌ಮಿ ಎ4 5ಜಿಯಂಥ ಅಗ್ಗದ ಫೋನುಗಳು ಎಸ್‌ಎ ಮಾತ್ರ ಹಿಡಿಯುತ್ತವೆ. ಏರ್‌ಟೆಲ್‌ನ ಎನ್‌ಎಸ್‌ಎ ಟವರಿನಡಿ ಅವುಗಳಲ್ಲಿ ಬರುವುದು 4ಜಿಯೇ. ಜಿಯೊ ಇದ್ದವರಿಗೆ ತೊಂದರೆಯಿಲ್ಲ. ಡಬ್ಬಿಯ ಮೇಲೆ 5ಜಿ ಎಂಬ ಅಕ್ಷರ ಇಬ್ಬರಿಗೂ ಒಂದೇ ಥರ ಕಾಣುತ್ತದೆ, ಅಷ್ಟೇ.

ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದು ಸಿಗ್ನಲ್ ಮಾತ್ರ ಒಳಗೆ ಬರದಿದ್ದರೆ ವೈಫೈ ಕಾಲಿಂಗ್, ಅಂದರೆ ಟವರಿನ ಬದಲು ವೈಫೈ ಮೂಲಕ ಕರೆ ಮಾಡುವ ಸೌಲಭ್ಯ, ಇರುವ ಫೋನ್ ಬೇಕೇ ಬೇಕು. ಅದನ್ನು ಫೋನ್ ಮತ್ತು ಸಿಮ್ ಕಂಪನಿ ಎರಡೂ ಒಪ್ಪಿರಬೇಕು. ನಿಮ್ಮ ಸಿಮ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಆ ಬಟನ್ ಕಾಣುತ್ತದೆಯೇ ನೋಡಿ.

ಎರಡನೇ ಗೀಟು: ಎಷ್ಟು ವರ್ಷದ ಫೋನ್

ಫೋನ್ ಸಾಯುವ ಮುಂಚೆ ಅದರ ಸಾಫ್ಟ್‌ವೇರ್ ಸಾಯುತ್ತದೆ. ಸೆಕ್ಯೂರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ ಫೋನ್‌ಪೇ, ಬ್ಯಾಂಕ್ ಆ್ಯಪ್ ಇಟ್ಟುಕೊಳ್ಳುವುದು ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ. ಆ್ಯಂಡ್ರಾಯ್ಡ್ ಹಳೆಯದಾದಂತೆ ಬ್ಯಾಂಕ್ ಆ್ಯಪ್‌ಗಳೂ ಒಂದೊಂದಾಗಿ ಕೈಬಿಡುತ್ತವೆ.

ಪ್ರತಿ ಮಾಡೆಲ್ಲಿಗೆ ಎರಡು ಅಂಕಿ ಬರೆದುಕೊಳ್ಳಿ: ಹೊಸ ಆ್ಯಂಡ್ರಾಯ್ಡ್ ಆವೃತ್ತಿಗಳು ಎಷ್ಟು ಬರುತ್ತವೆ, ಸೆಕ್ಯೂರಿಟಿ ಅಪ್‌ಡೇಟ್ (ಪ್ಯಾಚ್) ಎಷ್ಟು ವರ್ಷ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಯಂಥ ಸಾಧಾರಣ ಫೋನಿಗೂ ಆರು ವರ್ಷದ ಮಾತು ಕೊಟ್ಟಿದೆ. ಗೂಗಲ್ ಪಿಕ್ಸೆಲ್ 8ರಿಂದ ಮುಂದಿನವಕ್ಕೆ ಏಳು ವರ್ಷ. ಎ16ರ ಆಸುಪಾಸಿನ ಬೆಲೆಯಲ್ಲೇ ಎರಡು ಆವೃತ್ತಿ, ಮೂರು ವರ್ಷದ ಪ್ಯಾಚ್ ಎನ್ನುವ ಫೋನುಗಳೂ ಇವೆ. ಈ ಎಣಿಕೆ ಶುರುವಾಗುವುದು ಮಾಡೆಲ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾಡೆಲ್ಲನ್ನು ದಸರಾ ಆಫರ್‌ನಲ್ಲಿ ಎರಡು ಸಾವಿರ ಕಡಿಮೆಗೆ ತಂದರೆ ಎರಡು ವರ್ಷದ ಆಯುಷ್ಯ ಅಂಗಡಿಯಲ್ಲೇ ಕಳೆದಿರುತ್ತದೆ.

ಲೆಕ್ಕ ಹಾಕಿ ನೋಡಿ. 12,000 ರೂಪಾಯಿಯ ಫೋನಿಗೆ ಇನ್ನು ಮೂರು ವರ್ಷ ಪ್ಯಾಚ್ ಇದೆ ಎನ್ನಿ, ವರ್ಷಕ್ಕೆ 4,000. 18,000ದ ಫೋನಿಗೆ ಆರು ವರ್ಷ ಇದ್ದು, ನಡುವೆ ಒಮ್ಮೆ 2,000 ಕೊಟ್ಟು ಬ್ಯಾಟರಿ ಬದಲಿಸಿದರೆ ಒಟ್ಟು 20,000, ಅಂದರೆ ವರ್ಷಕ್ಕೆ 3,333. ದುಬಾರಿಯದೇ ಅಗ್ಗ. ಆದರೆ ಇದು ಆರು ವರ್ಷ ಜೋಪಾನವಾಗಿ ಬಳಸುವವರ ಲೆಕ್ಕ. ಎರಡು ವರ್ಷಕ್ಕೊಮ್ಮೆ ಫೋನ್ ಒಡೆಯುವವರಿಗೆ ಮೊದಲನೆಯದೇ ಸರಿ.

ಮೂರನೇ ಗೀಟು: ಹೊಟ್ಟೆಯೊಳಗಿನದು

ರ‍್ಯಾಮ್ 6 ಜಿಬಿಗಿಂತ ಕಡಿಮೆ ಬೇಡ, 8 ಇದ್ದರೆ ನೆಮ್ಮದಿ. 4 ಜಿಬಿ ಫೋನಿನ ನಿಜವಾದ ಕಾಟ ಆಟದಲ್ಲಲ್ಲ, ಹಣ ಕಳಿಸುವಾಗ: ಓಟಿಪಿ ನೋಡಲು ಮೆಸೇಜಿಗೆ ಹೋಗಿ ಮರಳಿ ಬರುವಷ್ಟರಲ್ಲಿ ಬ್ಯಾಂಕ್ ಆ್ಯಪ್ ಮುಚ್ಚಿಕೊಂಡು ಮೊದಲಿನಿಂದ ಶುರುವಾಗುತ್ತದೆ. "8 ಜಿಬಿ + 8 ಜಿಬಿ" ಎಂದು ಬರೆದಿದ್ದರೆ ಎರಡನೆಯ 8 ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಕಡ ತಂದ ಜಾಗ. ವೇಗದಲ್ಲಿ ಅದು ರ‍್ಯಾಮಿನ ಹತ್ತಿರಕ್ಕೂ ಬರುವುದಿಲ್ಲ. ಲೆಕ್ಕಕ್ಕೇ ಹಿಡಿಯಬೇಡಿ.

ಸ್ಟೋರೇಜ್ 128 ಜಿಬಿ ಕನಿಷ್ಠ. ಫೋನಿನ ಸಾಫ್ಟ್‌ವೇರೇ ಅದರಲ್ಲಿ ಇಪ್ಪತ್ತು ಜಿಬಿಗೂ ಹೆಚ್ಚು ತಿನ್ನುತ್ತದೆ, ಉಳಿದದ್ದನ್ನು ನಾಲ್ಕಾರು ವಾಟ್ಸಾಪ್ ಗುಂಪುಗಳ ಶುಭೋದಯದ ವಿಡಿಯೊಗಳು ತಿನ್ನುತ್ತವೆ. ಅಳತೆಗಿಂತ ಬಗೆ ಮುಖ್ಯ. ಇಎಂಎಂಸಿ ಸ್ಟೋರೇಜ್ ನಿಧಾನ, ಯುಎಫ್‌ಎಸ್ 2.2 ಅದರ ಮೂರು ಪಟ್ಟು ವೇಗದಲ್ಲಿ ಓದುತ್ತದೆ, 3.1 ಇನ್ನೂ ಚುರುಕು. ಎರಡು ವರ್ಷದ ಮೇಲೆ ಫೋನ್ ಜಡವಾಯಿತು ಎಂದು ಜನ ಬೈಯುವುದರಲ್ಲಿ ಬಹುಪಾಲು ತುಂಬಿಹೋದ ಇಎಂಎಂಸಿಯ ಪಾಪ. ಹತ್ತು ಸಾವಿರದ ಮೇಲಿನ ಫೋನಿನಲ್ಲಿ ಇಎಂಎಂಸಿ ಕಂಡರೆ ಗೀಟು ಹಾಕಿ.

ಚಿಪ್ಪಿನ ಹೆಸರಿನ ಅಂಕಿ ನಂಬಬೇಡಿ, ಅದರೊಳಗಿನ ದೊಡ್ಡ ಕೋರ್‌ಗಳನ್ನೂ (ಭಾರದ ಕೆಲಸ ಮಾಡುವ ಭಾಗಗಳು) ಎಷ್ಟು ನ್ಯಾನೊಮೀಟರಿನದು ಎಂಬುದನ್ನೂ ನೋಡಿ. ಹೀಲಿಯೊ ಜಿ85 12 ನ್ಯಾನೊಮೀಟರಿನದು, ಹಳೆಯ ಎ75 ಕೋರ್, ಬಿಸಿಯಾಗುವುದು ಜಾಸ್ತಿ. ಡೈಮೆನ್ಸಿಟಿ 6300ರದು 6 ನ್ಯಾನೊಮೀಟರ್, ಎರಡು ಎ76 ಕೋರ್. ಕರೆ, ಯೂಟ್ಯೂಬ್, ಪಾವತಿಗೆ ಸಾಕು. ಡೈಮೆನ್ಸಿಟಿ 7300 ಮತ್ತು ಸ್ನ್ಯಾಪ್‌ಡ್ರ್ಯಾಗನ್ 7ಎಸ್ ಜೆನ್ 3 ಎರಡೂ 4 ನ್ಯಾನೊಮೀಟರಿನವು. ನಾಲ್ಕೈದು ವರ್ಷ ಇಟ್ಟುಕೊಳ್ಳುವವರಿಗೆ ಈ ಮಟ್ಟ ಲೇಸು. ನ್ಯಾನೊಮೀಟರಿನ ಅಂಕಿ ಸಣ್ಣದಾದಷ್ಟೂ ಅದೇ ಕೆಲಸಕ್ಕೆ ಕಡಿಮೆ ಕರೆಂಟ್, ಕಡಿಮೆ ಬಿಸಿ. ನಮ್ಮ ಕಡೆ ಈ ಎರಡನೆಯದಕ್ಕೇ ಹೆಚ್ಚು ತೂಕ.

ನಾಲ್ಕನೇ ಗೀಟು: ಬಿಸಿಲು

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಂಗಳೂರಿನಲ್ಲಿ ಕೂತು ಬರೆದ ಫೋನ್ ವಿಮರ್ಶೆ ಕಲಬುರಗಿ, ಯಾದಗಿರಿಗೆ ಪೂರ್ತಿ ಹೊಂದದಿರುವುದು ಈ ಒಂದು ವಿಷಯಕ್ಕೆ.

ಏಪ್ರಿಲ್–ಮೇನಲ್ಲಿ ಇಲ್ಲಿ ನೆರಳಲ್ಲೇ 42 ಡಿಗ್ರಿ ದಾಟುತ್ತದೆ. ಲಿಥಿಯಂ ಬ್ಯಾಟರಿಗೆ ಹಿತವಾದ ಸುತ್ತಲಿನ ಬಿಸಿ 35 ಡಿಗ್ರಿಯೊಳಗೆ. ಅದಕ್ಕೂ ಮೇಲಿನ ಬಿಸಿಯಲ್ಲಿ ಬಳಸಿದರೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗಬಹುದು ಎಂದು ಆ್ಯಪಲ್ ತನ್ನ ಗ್ರಾಹಕರಿಗೆ ಬರೆದೇ ಹೇಳುತ್ತದೆ. ಇದು ಒಂದು ಕಂಪನಿಯ ಮಾತಲ್ಲ, ಲಿಥಿಯಂ ಬ್ಯಾಟರಿಯ ಗುಣವೇ ಹಾಗೆ. ಬಿಸಿಯಾದ ಫೋನ್ ತನ್ನನ್ನು ಉಳಿಸಿಕೊಳ್ಳಲು ಮೊದಲು ಪರದೆಯ ಬೆಳಕು ತಗ್ಗಿಸುತ್ತದೆ, ಆಮೇಲೆ ಚಿಪ್ಪಿನ ವೇಗ, ಆಮೇಲೆ ಚಾರ್ಜಿಂಗ್. ಕೊನೆಗೆ ಕ್ಯಾಮೆರಾ ಆ್ಯಪ್ ಮುಚ್ಚುತ್ತದೆ. ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೊ ತೆಗೆಯುವಾಗ ಪರದೆ, ಜಿಪಿಎಸ್, ಕ್ಯಾಮೆರಾ, ಡೇಟಾ ನಾಲ್ಕೂ ಒಟ್ಟಿಗೆ ಓಡುತ್ತವೆ. ಫೋನ್ ಕೈಕೊಡುವುದು ಆಗಲೇ.

ಪರದೆಯ ಬೆಳಕನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಜಾಹೀರಾತಿನ "4,500 ನಿಟ್ಸ್ ಪೀಕ್" ಪರದೆಯ ಒಂದು ಚೂರು ಕ್ಷಣಕಾಲ ಮುಟ್ಟುವ ಅಂಕಿ. ನೀವು ಹುಡುಕಬೇಕಾದದ್ದು ಎಚ್‌ಬಿಎಂ, ಅಂದರೆ ಬಿಸಿಲಿನಲ್ಲಿ ಇಡೀ ಪರದೆ ಕೊಡುವ ಬೆಳಕು. 1,000 ನಿಟ್ಸ್ ಆಸುಪಾಸು ಇದ್ದರೆ ಮಧ್ಯಾಹ್ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊತ್ತ ಓದಬಹುದು. 500–600ರ ಎಲ್‌ಸಿಡಿ (ಹಿಂದೆ ದೀಪವಿರುವ ಬಗೆಯ ಪರದೆ) ಆದರೆ ಕೈ ಅಡ್ಡ ಹಿಡಿದು ಇಣುಕಬೇಕು. ಪ್ರತಿ ಚುಕ್ಕಿಯೂ ತಾನೇ ಬೆಳಗುವ ಅಮೊಲೆಡ್ ಪರದೆಯಲ್ಲಿ ಕಪ್ಪು ಗಾಢ, ಬೆಳಕು ಹೆಚ್ಚು. ಆದರೆ ಒಡೆದರೆ ಬದಲಿಸುವ ಖರ್ಚು ಎಲ್‌ಸಿಡಿಗಿಂತ ಬಹಳ ಹೆಚ್ಚು. ಪರದೆಯ ಉದ್ದಕ್ಕೂ ಒಂದು ಹಸಿರು ಗೆರೆ ಮೂಡುವ ದೋಷವೂ ಅಮೊಲೆಡ್‌ನದೇ. ಬಿಸಿಲಲ್ಲಿ ದುಡಿಯುವವರಿಗೆ ಅಮೊಲೆಡ್, ಅಂಗಡಿ–ಮನೆ–ಕಚೇರಿಯ ನೆರಳಿನವರಿಗೆ ಒಳ್ಳೆಯ ಎಲ್‌ಸಿಡಿಯೂ ನಡೆಯುತ್ತದೆ.

ಬ್ಯಾಟರಿ 5,000 ಎಂಎಎಚ್ ಈಗ ಸಾಮಾನ್ಯ. ಸಿಲಿಕಾನ್–ಕಾರ್ಬನ್ ಬ್ಯಾಟರಿ ಬಂದ ಮೇಲೆ ಅದೇ ದಪ್ಪದಲ್ಲಿ 6,000, 7,000 ಕೂಡ ಸಿಗುತ್ತಿದೆ. ದಿನವಿಡೀ ಹೊರಗಿರುವವರಿಗೆ ಅದು ಲಾಭ. ಕರೆಂಟ್ ಹೇಳದೆ ಕೇಳದೆ ಹೋಗುವ ಊರಿನವರು ಚಾರ್ಜಿಂಗ್ ವೇಗಕ್ಕೂ ಬೆಲೆ ಕೊಡಬೇಕು: 5,000ದ ಬ್ಯಾಟರಿ ತುಂಬಲು 18 ವ್ಯಾಟಿಗೆ ಎರಡು ತಾಸಿನ ಮೇಲೆ, 33 ವ್ಯಾಟಿಗೆ ಒಂದೂಕಾಲು ತಾಸು, 67 ವ್ಯಾಟಿಗೆ ಮುಕ್ಕಾಲು ತಾಸು ಹತ್ತಿರಹತ್ತಿರ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಕೇಳಿ, ಇಲ್ಲದಿದ್ದರೆ ಅದರ ಬೆಲೆಯನ್ನು ಫೋನಿನ ಬೆಲೆಗೆ ಸೇರಿಸಿ. ಬೇರೆ ಕಂಪನಿಯ ಚಾರ್ಜರ್ ಹಾಕಿದರೆ ಕೆಲವು ಫೋನುಗಳು 67 ವ್ಯಾಟ್ ಬಿಟ್ಟು 10–18ಕ್ಕೆ ಇಳಿಯುತ್ತವೆ. ಹೊರಗೆ ಕೊಳ್ಳುವ ಚಾರ್ಜರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಐದನೇ ಗೀಟು: ಧೂಳು ಮತ್ತು ಫರಸಿ

ತೊಗರಿ ರಾಶಿಯ ಹೊಟ್ಟು ಸ್ಪೀಕರ್ ಜಾಲರಿಯಲ್ಲೂ ಚಾರ್ಜಿಂಗ್ ತೂತಿನಲ್ಲೂ ಕೂರುತ್ತದೆ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಯ ಧೂಳು ಇನ್ನೂ ಸಣ್ಣದು. ಧೂಳು, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಸಂಖ್ಯೆಯಲ್ಲಿ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಐಪಿ54 ಎಂದರೆ ಧೂಳು ಸ್ವಲ್ಪ ಒಳಹೋಗಬಹುದು, ನೀರಿನ ಸಿಡಿತ ತಡೆಯುತ್ತದೆ. ಐಪಿ64, 65 ಎಂದರೆ ಧೂಳು ಒಳಗೇ ಇಲ್ಲ. ಐಪಿ67 ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಹೊಲ, ಗಣಿ, ಕಟ್ಟಡದ ಕೆಲಸದವರು ಮೊದಲ ಅಂಕಿ 6 ಇರುವುದನ್ನೇ ಉಳಿಸಿಕೊಳ್ಳಿ. ಹಾಗೆಂದು ನೀರಿನಲ್ಲಿ ಮುಳುಗಿಸಿ ತೋರಿಸಲು ಹೋಗಬೇಡಿ, ಐಪಿ68 ಇದ್ದರೂ ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿ ಇಲ್ಲ.

ನಮ್ಮ ಮನೆಗಳ ನೆಲ ಶಹಾಬಾದ್ ಫರಸಿ, ಅಂದರೆ ಗಟ್ಟಿ ಹಾಸುಗಲ್ಲು. ಸೊಂಟದೆತ್ತರದಿಂದ ಮೂಲೆ ಮೇಲಾಗಿ ಬಿದ್ದರೆ ಯಾವ ಗಾಜಿನ ಹೆಸರೂ ನೆರವಿಗೆ ಬರುವುದಿಲ್ಲ. ಪರದೆಗಿಂತ ಅಂಚು ಸ್ವಲ್ಪ ಎತ್ತರವಿರುವ ಕವರ್ ಹಾಕಿ. ಗಾಜಿನ ಬೆನ್ನಿಗಿಂತ ಪ್ಲಾಸ್ಟಿಕ್ ಬೆನ್ನು ಇಲ್ಲಿ ಜಾಣತನ. ಅಂಚು ಬಾಗಿದ ಪರದೆಯಂತೂ ಬೇಡವೇ ಬೇಡ: ಟೆಂಪರ್ಡ್ ಗ್ಲಾಸ್ ಸರಿ ಕೂರದು, ಬಿದ್ದರೆ ಮೊದಲು ಬಿರಿಯುವುದೂ ಅಂಚೇ.

ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಓಡಾಡುವ ಡೆಲಿವರಿ ಹುಡುಗರಿಗೆ ಒಂದು ಮಾತು. ಕೈಯ ನಡುಕ ಸರಿದೂಗಿಸುವ ಒಐಎಸ್ ಎಂಬ ಏರ್ಪಾಡು ಇರುವ ಕ್ಯಾಮೆರಾದಲ್ಲಿ ಮಸೂರವೋ ಸೆನ್ಸರೋ ಸೂಕ್ಷ್ಮವಾಗಿ ತೇಲುತ್ತಿರುತ್ತದೆ. ಬೈಕಿನ ನಡುಕ ಅದನ್ನು ಕೆಡಿಸಬಲ್ಲದು. ಆ್ಯಪಲ್ 2021ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಅಂಥವರಿಗೆ ಒಐಎಸ್ ಇಲ್ಲದ ಫೋನೇ ವಾಸಿ, ಇಲ್ಲವೇ ನಡುಕ ತಡೆಯುವ ರಬ್ಬರಿನ ಹೋಲ್ಡರ್ ಬೇಕು.

ಆರನೇ ಗೀಟು: ರಿಪೇರಿಗೆ ಎಷ್ಟು ದೂರ

ಯಾದಗಿರಿ, ಸುರಪುರ, ಬೀದರ್, ಹುಮನಾಬಾದ್‌ನವರಿಗೆ ಇದು ಕ್ಯಾಮೆರಾಗಿಂತ ದೊಡ್ಡ ವಿಷಯ. ಬೀದರ್‌ನಿಂದ ಕಲಬುರಗಿಯೂ ಹೈದರಾಬಾದೂ ನೂರು ಕಿಲೋಮೀಟರ್ ಮೇಲೆಯೇ. ಕಂಪನಿಯ ಜಾಲತಾಣದಲ್ಲಿ ಪಿನ್ ಕೋಡ್ ಹಾಕಿ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ ನೋಡಿ, ಅಲ್ಲಿಗೆ ಒಮ್ಮೆ ಫೋನ್ ಮಾಡಿ. ಎರಡೇ ಪ್ರಶ್ನೆ: ಈ ಮಾಡೆಲ್ಲಿನ ಪರದೆ ಎಷ್ಟು ರೂಪಾಯಿ, ಬ್ಯಾಟರಿ ಎಷ್ಟು. "ಪಾರ್ಟ್ ತರಿಸಬೇಕ್ರಿ, ಹದಿನೈದ್ ದಿನ ಆಗ್ತದ" ಎಂಬ ಉತ್ತರ ಬಂದರೆ ಹದಿನೈದು ದಿನ ಫೋನಿಲ್ಲದೆ ನಿಮ್ಮ ಕೆಲಸ ನಡೆಯುತ್ತದೆಯೇ ಯೋಚಿಸಿ. ಪರದೆಯ ಬೆಲೆ ಫೋನಿನ ಬೆಲೆಯ ಶೇ. 40 ದಾಟಿದರೆ ಒಂದು ಬೀಳಿಗೆ ಫೋನ್ ಹೋಯಿತೆಂದೇ ಅರ್ಥ. ಅದನ್ನೂ ಹೊಡೆದುಹಾಕಿ.

ಉಳಿದದ್ದರ ನಡುವೆ: ಕ್ಯಾಮೆರಾ

ಇಲ್ಲಿಯವರೆಗೆ ಎರಡು, ಹೆಚ್ಚೆಂದರೆ ಮೂರು ಹೆಸರು ಉಳಿದಿರುತ್ತವೆ. ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು: 50 ಮೆಗಾಪಿಕ್ಸೆಲ್ ಕ್ಯಾಮೆರಾ ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ 12.5ರ ಫೋಟೊ ಕೊಡುತ್ತದೆ, 108ರದು ಒಂಬತ್ತು ಸೇರಿಸಿ 12 ಕೊಡುತ್ತದೆ. ಎರಡೂ ಅಲ್ಲಿಗಲ್ಲಿಗೇ. 2 ಮೆಗಾಪಿಕ್ಸೆಲ್ ಮ್ಯಾಕ್ರೊ, ಡೆಪ್ತ್ ಎಂಬುವು ಬೆನ್ನಿನ ಮೇಲೆ ಕಣ್ಣು ಹೆಚ್ಚು ಕಾಣಲೆಂದು ಇಟ್ಟ ಬೊಟ್ಟುಗಳು. ಒಐಎಸ್ ಇದ್ದರೆ ಕೈ ನಡುಗಿದರೂ ರಾತ್ರಿಯ ಫೋಟೊ ಅಷ್ಟಾಗಿ ಅಲುಗುವುದಿಲ್ಲ, ಜಾತ್ರೆಯ ಸಂಜೆ ಅದರ ಬೆಲೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಅರ್ಧ ತಾಸು

ಉಳಿದ ಎರಡರ ಡೆಮೊ ಪೀಸ್ ಕೇಳಿ. ಮಧ್ಯಾಹ್ನವೇ ಹೋಗಿ, ಸಂಜೆ ಹೋದರೆ ಅರ್ಧ ಪರೀಕ್ಷೆ ತಪ್ಪುತ್ತದೆ.

ಪರದೆಯ ಬೆಳಕು ತಾನಾಗಿ ಹೆಚ್ಚುಕಡಿಮೆಯಾಗುವ ಹಾಗೆ (ಆಟೊ ಬ್ರೈಟ್‌ನೆಸ್) ಇಟ್ಟು ಎರಡೂ ಫೋನನ್ನು ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಒಯ್ದು ಪಕ್ಕಪಕ್ಕ ಹಿಡಿಯಿರಿ. ಒಂದು ನಿಮಿಷ ಕಳೆದ ಮೇಲೂ ಓದಲು ಬರುತ್ತದೆಯೇ ನೋಡಿ, ಮೊದಲ ಹತ್ತು ಸೆಕೆಂಡಿನ ಹೊಳಪು ನಂಬಬೇಡಿ. ಅಲ್ಲೇ ಐದು ನಿಮಿಷ ವಿಡಿಯೊ ತೆಗೆಯಿರಿ, ಬೆನ್ನು ಎಷ್ಟು ಕಾಯುತ್ತದೆ ಎಂದು ಕೈಗೇ ತಿಳಿಯುತ್ತದೆ.

ಬೆರಳಚ್ಚು ಪರೀಕ್ಷೆ ಬಳಸುವವರ ಬೆರಳಿನಿಂದಲೇ ಆಗಬೇಕು. ಕಲ್ಲು, ಮಣ್ಣು, ಸಿಮೆಂಟಿನ ಕೆಲಸದಲ್ಲಿ ಬೆರಳಿನ ಗೆರೆ ಸವೆದಿರುತ್ತವೆ. ಪರದೆಯೊಳಗಿನ ಆಪ್ಟಿಕಲ್ ಸೆನ್ಸರ್ ಅಂಥ ಬೆರಳನ್ನು ಆಗಾಗ ಗುರುತಿಸುವುದಿಲ್ಲ, ಪಕ್ಕದ ಬಟನ್ನಿನದು ಹೆಚ್ಚು ಒಪ್ಪುತ್ತದೆ. ಅಪ್ಪಾರಿಗೆ ಫೋನ್ ತರುತ್ತಿದ್ದರೆ ಅಪ್ಪಾರನ್ನೇ ಕರೆದೊಯ್ಯಿರಿ. ಹತ್ತು ಸಲ ಒತ್ತಿಸಿ, ಏಳು ಸಲಕ್ಕಿಂತ ಕಡಿಮೆ ತೆರೆದರೆ ಬೇಡ.

ಭಾಷೆ ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರ ಅತಿ ದೊಡ್ಡದು ಮಾಡಿ. ಕೆಲವು ಫೋನುಗಳಲ್ಲಿ ಒತ್ತಕ್ಷರ ಕೆಳಗೆ ಕತ್ತರಿಸುತ್ತದೆ, ಬಟನ್ ಮೇಲಿನ ಪದ ಅರ್ಧಕ್ಕೇ ನಿಲ್ಲುತ್ತದೆ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಹಚ್ಚಿ ಎರಡು ಸಾಲು ಮಾತಾಡಿಸಿ. ಮೈಕ್ ಕಳಪೆಯಾಗಿದ್ದರೆ ಅಂಗಡಿಯ ಗದ್ದಲದಲ್ಲಿ ತಕ್ಷಣ ಗೊತ್ತಾಗುತ್ತದೆ.

ಕರೆ ಮಾಡಿ ಕಿವಿಗೆ ಇಟ್ಟಾಗ ಪರದೆ ಆರುತ್ತದೆಯೇ ನೋಡಿ. ಖರ್ಚು ಉಳಿಸಲು ಕೆಲವು ಫೋನುಗಳಲ್ಲಿ ಕಿವಿ ಹತ್ತಿರ ಬಂದದ್ದನ್ನು ಅರಿಯುವ ಅಸಲಿ ಸೆನ್ಸರ್ ಇರುವುದಿಲ್ಲ, ಮಾತಿನ ನಡುವೆ ಕೆನ್ನೆ ತಾಗಿ ಕಾಲ್ ಕಟ್ ಆಗುತ್ತದೆ. ವ್ಯಾಪಾರಕ್ಕೆ ಕರೆ ರೆಕಾರ್ಡಿಂಗ್ ಬೇಕಾದವರು ಅದನ್ನೂ ಇಲ್ಲೇ ಹಚ್ಚಿ ನೋಡಿ: ಗೂಗಲ್ ಫೋನ್ ಆ್ಯಪ್ ಇದ್ದರೆ ರೆಕಾರ್ಡ್ ಆಗುತ್ತಿದೆ ಎಂದು ಆಚೆಯವರಿಗೂ ಕೇಳುವಂತೆ ಸಾರುತ್ತದೆ.

ಲಾಕ್ ಪರದೆ ಮೇಲೆ ಜಾಹೀರಾತು, ಕೇಳದ ಆಟಗಳು ಕಂಡರೆ, ಅವನ್ನು ತೆಗೆದು ತೋರಿಸಲು ಅಂಗಡಿಯವರಿಗೇ ಹೇಳಿ. ಅವರಿಗೇ ತೆಗೆಯಲು ಬರದಿದ್ದರೆ ಮನೆಯಲ್ಲಿ ಅವ್ವಾರಿಗೆ ಹೇಗೆ ಬಂದೀತು?

ಬೆಲೆ, ಕಂತು

ಫೋನಿನ ಮೇಲೆ ಜಿಎಸ್‌ಟಿ ಶೇ. 18. "ಬಿಲ್ ಇಲ್ಲದ ರೇಟ್ ಬ್ಯಾರೆ ಅದ" ಎಂದರೆ ಬೇಡ ಎನ್ನಿ. ಬಿಲ್ ಇಲ್ಲದೆ ವಾರಂಟಿಯ ಜಗಳ ಗೆಲ್ಲಲಾಗದು, ಫೋನ್ ಕಳುವಾದರೆ ದೂರಿಗೂ ಅದು ಬೇಕು.

ಬಡ್ಡಿಯಿಲ್ಲದ ಕಂತು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಫೋನ್ 18,000, ತಿಂಗಳಿಗೆ 2,000ದಂತೆ ಒಂಬತ್ತು ಕಂತು. ಪ್ರೊಸೆಸಿಂಗ್ ಶುಲ್ಕ 299, ಅದರ ಮೇಲೆ ಜಿಎಸ್‌ಟಿ ಸೇರಿ 353. ನಗದು ಕೊಟ್ಟರೆ ಅಂಗಡಿಯವರು 1,000 ಬಿಡುತ್ತಿದ್ದರು. ಅಂದರೆ 17,000ದ ವಸ್ತುವಿಗೆ 18,353. ವಾರ್ಷಿಕ ಬಡ್ಡಿಯಾಗಿ ತಿರುಗಿಸಿದರೆ ಶೇ. 19 ಹತ್ತಿರ. ಶುಲ್ಕ ಬೇರೆ, ಸೇರಿಸಿ ಕಟ್ಟಿದ ವಿಮೆ ಬೇರೆ, ಹೊಸ ಕಾರ್ಡಿನ ಶುಲ್ಕ ಬೇರೆ ಎಂದು ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ಆ್ಯಪ್ ಹಾಕುತ್ತಾರೆಯೇ ಎಂಬುದನ್ನೂ ಕೇಳಿ. ತೊಗರಿ ಮಾರಿದ ಮೇಲೆ ನಗದಿಗೆ ಕೊಳ್ಳಲು ಎರಡು ತಿಂಗಳು ಕಾಯಬಹುದಾದರೆ ಕಾಯಿರಿ.

ಆನ್‌ಲೈನ್ ಬೆಲೆಯನ್ನು ಫೋನಿನಲ್ಲೇ ತೆರೆದು ಅಂಗಡಿಯವರಿಗೆ ತೋರಿಸಿ. ವ್ಯತ್ಯಾಸ ಐನೂರರೊಳಗಿದ್ದರೆ ಅಂಗಡಿಯೇ ಮೇಲು, ಸಮಸ್ಯೆ ಬಂದರೆ ಎದುರಿಗೆ ನಿಂತು ಕೇಳಬಹುದು. ಒಂದೂವರೆ–ಎರಡು ಸಾವಿರದ ಅಂತರವಿದ್ದರೆ ಆನ್‌ಲೈನ್ ತರಿಸಿ, ಆದರೆ ಮನೆ ಬಾಗಿಲಲ್ಲೇ ತೆರೆದು ತೋರಿಸುವ ಡೆಲಿವರಿ ಆರಿಸಿ. ತೆರೆಯುವ ಮುನ್ನ ಓಟಿಪಿ ಕೊಡಬೇಡಿ.

ದುಡ್ಡು ಕೊಡುವ ಮುನ್ನ

ಡಬ್ಬಿಯ ಸೀಲ್ ನಿಮ್ಮೆದುರಿಗೆ ಒಡೆಯಲಿ. *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಪರದೆ, ಡಬ್ಬಿ, ಬಿಲ್ ಮೂರರಲ್ಲೂ ಅದು ಒಂದೇ ಇರಬೇಕು. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪಿಸಿ, ಜಾಗ ಬಿಟ್ಟು, 15 ಅಂಕಿಯ ಐಎಂಇಐ ಬರೆದು 14422ಕ್ಕೆ ಮೆಸೇಜ್ ಕಳಿಸಿದರೆ ಆ ಸಂಖ್ಯೆ ಯಾವ ಮಾಡೆಲ್ಲಿನದು, ತಡೆಹಿಡಿದದ್ದೇ ಎಂದು ಉತ್ತರ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮಾಡದೆ ಒಂದು ರೂಪಾಯಿಯನ್ನೂ ಕೊಡಬಾರದು.

ಆಮೇಲೆ ಕಂಪನಿಯ ಜಾಲತಾಣದಲ್ಲಿ ಅದೇ ಸಂಖ್ಯೆ ಹಾಕಿ ವಾರಂಟಿ ಯಾವತ್ತಿನಿಂದ ಶುರುವಾಗಿದೆ ನೋಡಿ. ಮಾರಾಟದ ಗುರಿ ಮುಟ್ಟಲು ಫೋನನ್ನು ಮೊದಲೇ ಆ್ಯಕ್ಟಿವೇಟ್ ಮಾಡಿಡುವ ಅಂಗಡಿಗಳಿವೆ. ಹಾಗಾಗಿದ್ದರೆ ಎರಡು ತಿಂಗಳ ವಾರಂಟಿ ಆಗಲೇ ಹೋಗಿರಬಹುದು. ಬೇರೆ ಡಬ್ಬಿ ಕೇಳಿ.

ಮೊದಲ ಏಳು ದಿನ

ಬದಲಿಸಿಕೊಡುವ ಗಡುವು ಸಾಮಾನ್ಯವಾಗಿ ಏಳು ದಿನದ ಆಸುಪಾಸು, ಅದನ್ನು ಬಿಲ್ ಮೇಲೆ ಬರೆಸಿ. ಅಷ್ಟರೊಳಗೆ ಫೋನನ್ನು ನಿಜವಾಗಿ ದುಡಿಸಿ: ಎರಡೂ ಸಿಮ್ ಹಾಕಿ ಮಾತಾಡಿ, ಒಮ್ಮೆ ಪೂರ್ತಿ ಚಾರ್ಜ್ ಮಾಡಿ ತಾಸು ಎಣಿಸಿ, ಕತ್ತಲಲ್ಲಿ ಬಿಳಿ ಪರದೆ ಇಟ್ಟು ಚುಕ್ಕಿ–ಗೆರೆ ಹುಡುಕಿ, ನಕ್ಷೆ ತೆರೆದು ಬಯಲಿನಲ್ಲಿ ಜಿಪಿಎಸ್ ನಿಮ್ಮ ಜಾಗಕ್ಕೆ ಎಷ್ಟು ಬೇಗ ಬಂದು ನಿಲ್ಲುತ್ತದೆ ನೋಡಿ. ದೋಷ ಕಂಡ ದಿನವೇ ಫೋಟೊ ತೆಗೆದು ಅಂಗಡಿಗೆ ವಾಟ್ಸಾಪ್ ಮಾಡಿ, ತಾರೀಖಿಗೆ ಅದೇ ಸಾಕ್ಷಿ. ಅಂಗಡಿಯೂ ಕಂಪನಿಯೂ ಒಬ್ಬರ ಮೇಲೊಬ್ಬರು ಹಾಕಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ.

ಸೆಟ್ಟಿಂಗ್ಸ್‌ನಲ್ಲಿ ಚಾರ್ಜಿಂಗ್ ಶೇ. 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಬೇಸಿಗೆ ಪೂರ್ತಿ ಹಚ್ಚಿಡಿ. ಚಾರ್ಜ್ ಮಾಡುವಾಗ ಕವರ್ ತೆಗೆದು ಫರಸಿ ಮೇಲೋ ಕೂಲರ್ ಗಾಳಿಗೋ ಇಡಿ, ಗಾದಿ ಮೇಲೆ ಬೇಡ. ತೊಟ್ಟಿಕ್ಕುವ ಕೂಲರಿನಿಂದ ಮಾತ್ರ ಎರಡು ಮೊಳ ದೂರವಿರಲಿ.

ಹಳೆಯ ಫೋನ್ ಕೊಡುವಾಗ ಕ್ರಮ ತಪ್ಪಿಸಬೇಡಿ. ಮೊದಲು ಹೊಸ ಫೋನಿನಲ್ಲಿ ವಾಟ್ಸಾಪ್ ಮತ್ತು ಯುಪಿಐ ನಡೆಯುತ್ತಿವೆ ಎಂದು ಖಾತ್ರಿ ಮಾಡಿಕೊಳ್ಳಿ. ನಂತರ ಹಳೆಯದರಲ್ಲಿ ಗೂಗಲ್ ಖಾತೆ ತೆಗೆಯಿರಿ, ಪರದೆಯ ಲಾಕ್ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್. ಖಾತೆ ತೆಗೆಯದೆ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಕೊಂಡವರ ಕೈಯಲ್ಲಿ ಅದು ನಿಮ್ಮ ಪಾಸ್‌ವರ್ಡ್ ಕೇಳುತ್ತ ಕೂರುತ್ತದೆ, ಅವರು ಮರುದಿನ ಬೆಳಗ್ಗೆ ನಿಮ್ಮ ಬಾಗಿಲಿಗೇ ಬರುತ್ತಾರೆ. ಸಿಮ್ ಜೊತೆಗೆ ಮೆಮೊರಿ ಕಾರ್ಡನ್ನೂ ತೆಗೆದಿರಾ ನೋಡಿಕೊಳ್ಳಿ. ಬಹಳ ಜನ ಮರೆಯುವುದು ಅದನ್ನೇ.